ದಿಡ್ಡಿ ಬಾಗಿಲಿನ ಲೆಕ್ಕ

ವಾಡೆಗಳ ಬಗ್ಗೆ ಬರೆಯುವವರಿಗೆಲ್ಲ ಒಂದೇ ರೋಗ. ಅಗಸಿ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ದೇವಡಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪಡಸಾಲಿಯ ಸಾಗವಾನಿ ಕಂಬ ಎಣಿಸುತ್ತಾರೆ, ಬೋದಿಗೆಯ ಮೇಲೆ ಕೊರೆದ ಗಿಳಿ ನೋಡಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ, ಮನೆತನದ ಈಗಿನವರು ಕೊಟ್ಟ ಚಹಾ ಕುಡಿದು ಬಂದ ದಾರಿಯಲ್ಲೇ ಹೊರಬೀಳುತ್ತಾರೆ. ಆಮೇಲೆ ರವಿವಾರದ ಪುರವಣಿಯಲ್ಲಿ 'ಗತವೈಭವ' ಅಂತ ತಲೆಬರಹ. ಹಿತ್ತಲಿಗೆ ಹೋದವನು ಒಬ್ಬನೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಗಾದೆ ಕಟ್ಟಿದ ಜನ ಇವರು, ಹಿತ್ತಲ ಗೋಡೆ ಇತಿಹಾಸ ಹೆಂಗಾದೀತು!

ನಾವು ಮಮದಾಪುರದ ಕಡೆಯವರು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕೇರಿಗಳಲ್ಲಿ ಹುಟ್ಟಿ ಮನೆತನಕ್ಕೆ ಮೊದಲ ಡಿಗ್ರಿ ತಂದವರು. ನಮ್ಮ ಅಜ್ಜ, ಆಯಿ ವಾಡೆಯನ್ನು ಕಂಡದ್ದು ಹಿಂದಿನಿಂದ. ಅವರಿಗೆ ಅಗಸಿ ಗೊತ್ತಿರಲಿಲ್ಲ, ದಿಡ್ಡಿ ಗೊತ್ತಿತ್ತು. ಬಗ್ಗಿ ಒಳಗೆ ಹೋಗುವ, ಬಗ್ಗಿಯೇ ಹೊರಗೆ ಬರುವ ಆ ಸಣ್ಣ ಬಾಗಿಲು. ನಾವೂ ಅಲ್ಲಿಂದಲೇ ಬರ್ತೀವಿ. ಆದರೆ ಕಟ್ಟಿಗೆ ಹೊತ್ತುಕೊಂಡಲ್ಲ, ಲೆಕ್ಕ ಕೇಳಾಕ.

ಮೊದಲು ಒಂದು ಮಾತು ಬಗೆಹರಿಯಲಿ. ವಾಡೆ ಅಂದರೆ ಮನೆ ಅಲ್ಲ. ದೇಸಾಯಿ, ದೇಶಪಾಂಡೆ, ಇನಾಮದಾರ ಅದರಲ್ಲಿ ವಾಸ ಮಾಡಿದ್ದು ನಿಜ. ಆದರೆ ಅದು ಕಂದಾಯದ ಕಚೇರಿ, ಕಾಳಿನ ಗೋದಾಮು, ಪೋಲೀಸ ಠಾಣೆ, ನ್ಯಾಯದ ಕಟ್ಟೆ, ದನ-ಕುದುರೆಗಳ ಠಿಕಾಣಿ, ಎಲ್ಲ ಕೂಡಿ ಒಂದು ಕಾರಖಾನೆ. ದೊರೆ ಕೂಡುವ ಜಾಗ ಗೇಣಗಲ. ದುಡಿಯುವ ಜಾಗ ಮಾರುದ್ದ. ಲಾಯ, ಕೊಟ್ಟಿಗೆ, ಬಣವಿಯ ಬಯಲು, ಕಣ, ಹಗೇವು, ಬೀಸುವ ಕೋಣೆ, ಕಟ್ಟಿಗೆ ಮನೆ, ಬಾವಿ, ಆಳುಗಳ ಗುಡಿಸಲು, ಪಾಯಖಾನೆ, ತಿಪ್ಪಿ. ಇವನ್ನೆಲ್ಲ ತೆಗೆದರೆ ಆ ಸಾಗವಾನಿ ಕಂಬಗಳು ಒಂದು ದಿನವೂ ನಿಲ್ಲೋದಿಲ್ಲ. ಕಂಬ ನಿಂತದ್ದು ಕಲ್ಲಿನ ಕುಂಬಿಯ ಮೇಲಲ್ಲ, ಹಿತ್ತಲಿನ ಬೆವರಿನ ಮೇಲೆ.

ಲಾಯವನ್ನೇ ನೋಡಿರಿ. ನಾವು ನೋಡಿದ ವಾಡೆಗಳಲ್ಲಿ ಕುದುರೆಯ ಲಾಯ ಎತ್ತರವಾಗಿದೆ. ಕುದುರೆ ತಲೆ ಎತ್ತಿದರೆ ಜಂತಿಗೆ ಬಡಿಯಬಾರದು. ಗಾಳಿ ಆಡಲು ಬೆಳಕಿಂಡಿ ಇದೆ. ನೆಲಕ್ಕೆ ಹಾಸುಗಲ್ಲು, ಗಂಜಲ ಹರಿದು ಹೋಗಲು ಇಳಿಜಾರು, ಇಳಿಜಾರಿನ ಕೊನೆಗೆ ಕಾಲುವೆ. ಬಹಳ ಜಾಣತನದ ಕೆಲಸ, ಕಟ್ಟಿದವನ ಕೈಗೆ ಶರಣು. ಈಗ ಅದೇ ಲಾಯದ ಮೂಲೆಗೆ ಹೋಗಿರಿ. ಅಲ್ಲಿ ಕುದುರೆ ನೋಡಿಕೊಳ್ಳುವವನ ಕೋಣೆ. ಬೆಳಕಿಂಡಿ ಇಲ್ಲ. ಬಾಗಿಲು ಎದೆಯುದ್ದ. ನೆಲ ಮಣ್ಣು. ಕುದುರೆಯ ಉಚ್ಚೆಗೆ ದಾರಿ ಮಾಡಿಕೊಟ್ಟ ಶಿಲ್ಪಿಗೆ ಮನುಷ್ಯನ ಉಸಿರಿಗೆ ದಾರಿ ಮಾಡಲು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಾಡಬೇಡ ಅಂತ ಹೇಳಿದವರಿದ್ದರು. ಕಟ್ಟಡಶಾಸ್ತ್ರ ಅಂತ ಯಾವುದನ್ನು ಕರೀತೀರಿ ನೀವು, ಅದು ಇಲ್ಲಿ ಜಾತಿಶಾಸ್ತ್ರ.

ಲಾಯ ಅಂದಾಗ ಮಾದಾರ ಚೆನ್ನಯ್ಯ ನೆನಪಾಗದೆ ಇರುವುದು ಹೇಗೆ? ಕರಿಕಾಲ ಚೋಳನ ಕುದುರೆಗಳಿಗೆ ಹುಲ್ಲು ತಂದುಹಾಕುತ್ತಿದ್ದವನು ಅವನು ಎಂದು ಶರಣರ ಕಥೆ ಹೇಳುತ್ತದೆ. ಅರಸನ ಮೃಷ್ಟಾನ್ನ ಬಿಟ್ಟು ಶಿವ ಚೆನ್ನಯ್ಯನ ಅಂಬಲಿ ಉಂಡ ಅಂತ ಮಠಗಳಲ್ಲಿ ಪುರಾಣ ನಡೆಯುತ್ತದೆ, ಜನ ತಲೆದೂಗುತ್ತಾರೆ. ಅಂಬಲಿಯ ಕಥೆ ಎಲ್ಲರಿಗೂ ಬೇಕು. ಹುಲ್ಲಿನ ಹೊರೆ ಎಷ್ಟು ಭಾರ ಇತ್ತು, ಆ ಹೊರೆ ಹೊತ್ತವನು ರಾತ್ರಿ ಎಲ್ಲಿ ಮಲಗಿದ, ಆ ಕಥೆಯನ್ನು ಯಾವ ಸ್ವಾಮಿಯೂ ಹೇಳಿದ್ದನ್ನು ನಾವು ಕೇಳಿಲ್ಲ.

ಇನ್ನು ಹಗೇವು. ಇವತ್ತಿನ ಹುಡುಗರಿಗೆ ಈ ಶಬ್ದವೇ ಗೊತ್ತಿಲ್ಲ. ನೆಲದಲ್ಲಿ ಆಳವಾಗಿ ತೋಡಿದ ಕುಣಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು, ದಂಟು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಹೊರಗಿನ ಗಾಳಿ ಒಳಗೆ ಹೋಗದಿದ್ದರೆ ಹುಳ ಬದುಕುವುದಿಲ್ಲ, ಅದರ ಗುಟ್ಟು ಅಷ್ಟೇ. ಆದರೆ ಹುಳ ಬದುಕದ ಗಾಳಿಯಲ್ಲಿ ಮನುಷ್ಯ ಬದುಕುತ್ತಾನೇನು? ಹಗೇವು ತೆರೆದ ಕೂಡಲೇ ಇಳಿಯಬಾರದು, ಕಂದೀಲು ಇಳಿಬಿಟ್ಟು ನೋಡಬೇಕು, ದೀಪ ಆರಿದರೆ ಕಾಯಬೇಕು ಅನ್ನುವುದು ನಮ್ಮ ಹಿರಿಯರ ಪಾಠ. ಈ ಪಾಠ ಸುಮ್ಮನೆ ಹುಟ್ಟಿದ್ದಲ್ಲ. ಮೊದಲು ಇಳಿದವರ ಹೆಣದ ಮೇಲೆ ಹುಟ್ಟಿದ್ದು. ಮೊದಲು ಇಳಿದವರು ದೇಸಾಯರ ಮಕ್ಕಳಲ್ಲ. ಬರಗಾಲದಲ್ಲಿ ಹಗೇವಿನ ಬಾಯಿ ತೆರೆದು ಊರಿಗೆ ಕಾಳು ಕೊಟ್ಟ ಧಣಿಯ ಹೆಸರು ಲಾವಣಿಯಲ್ಲಿ ಬಂತು. ಒಳಗಿಳಿದು ಬುಟ್ಟಿ ತುಂಬಿದವನ ಹೆಸರು ಎಲ್ಲಿ ಬಂತು?

ಬಾವಿ ಇದೆ. ತೋಟಕ್ಕೆ ನೀರು ಎತ್ತುವ ಕಪಲಿ ತೊಗಲಿನದು. ಆ ತೊಗಲು ಸುಲಿದವರು, ಹದ ಮಾಡಿದವರು, ಹೊಲಿದವರು ನಾವು ಮಾದಿಗರು. ನಾವು ಹದ ಮಾಡಿದ ತೊಗಲು ಬಾವಿಗೆ ಇಳಿಯಿತು, ನಾವು ಇಳಿಯಲಿಲ್ಲ. ಬಾವಿಯ ಮೆಟ್ಟಿಲು ಎಷ್ಟು ಚಂದ ಅಂತ ಬರೆಯುವವರೇ, ಆ ಮೆಟ್ಟಿಲಿನ ಮೇಲೆ ಯಾರ ಕಾಲು ಬಿದ್ದಿಲ್ಲ ಅನ್ನೋದನ್ನೂ ಒಂದು ಸಾಲು ಬರೀರಿ.

ಪಾಯಖಾನೆಯ ಬಗ್ಗೆ ಬರೆದರೆ ಓದುವವರು ಮೂಗು ಮುಚ್ಚಿಕೊಳ್ಳುತ್ತಾರೆ. ಮುಚ್ಚಿಕೊಳ್ಳಲಿ. ದೊಡ್ಡ ವಾಡೆಗಳ ಹಿಂದೆ, ಪೇಟೆಯ ಸಿರಿವಂತರ ಮನೆಗಳ ಹಿಂದೆ ಒಂದು ಓಣಿ ಇರುತ್ತಿತ್ತು. ಓಣಿ ಅನ್ನುವುದೂ ದೊಡ್ಡ ಮಾತು, ಎರಡು ಗೋಡೆಗಳ ನಡುವಿನ ಸಂದಿ. ಒಳಗಿನವರು ಮೇಲೆ ಕೂಡುತ್ತಿದ್ದರು. ಕೆಳಗೆ ಸಂದಿಯ ಕಡೆಗೆ ಒಂದು ಸಣ್ಣ ಕಿಂಡಿ, ಅದಕ್ಕೊಂದು ಮುಚ್ಚಳ. ಹೊರಗಿನಿಂದ ಒಬ್ಬ ಹೆಣ್ಣುಮಗಳು ಬಂದು ಮುಚ್ಚಳ ತೆಗೆದು ಬುಟ್ಟಿ ಎಳೆದುಕೊಳ್ಳಬೇಕು. ಒಳಗಿನವರಿಗೆ ಅವಳ ಮುಖ ಕಾಣಬಾರದು, ಅವಳಿಗೆ ಒಳಗಿನವರ ಮುಖ ಕಾಣಬಾರದು. ಎಂಥ ಕರಾರುವಾಕ್ಕು ನಕ್ಷೆ! ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪ ಮಂತ್ರಿಯಾಗಿ ಬರಬೇಕಾಯಿತು. ಇಡೀ ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಅದು ಸಾಲದೆ ಮತ್ತೊಂದು 2013ರಲ್ಲಿ. ನಡುವೆ 2010ರ ಜುಲೈನಲ್ಲಿ, ಒಂದು ಕಾಲಕ್ಕೆ ನವಾಬರು ಆಳಿದ ಸವಣೂರಿನಲ್ಲಿ, ಭಂಗಿ ಸಮುದಾಯದ ನಮ್ಮ ಅಣ್ಣತಮ್ಮಂದಿರು ತಮ್ಮ ನೆಲೆ ಕಿತ್ತುಕೊಳ್ಳಬೇಡಿರೆಂದು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ನವಾಬರ ಅರಮನೆ ಪರಂಪರೆ. ಭಂಗಿಗಳ ಮನೆ ಅತಿಕ್ರಮಣ. ಯಾವ ಶಾಸ್ತ್ರ ಇದು?

ಈಗ ನಾವು ಹೇಳಬೇಕಾದ ಮಾತಿಗೆ ಬರುತ್ತೇವೆ. ನಮ್ಮವರಿಗೆ ಕಾಗದ ಇಲ್ಲ. ದೇಸಾಯರಿಗೆ ಸನದು ಇದೆ, ಮೋಡಿ ಅಕ್ಷರದ ದಫ್ತರ ಇದೆ, ವಂಶಾವಳಿ ಇದೆ, ತೈಲಚಿತ್ರ ಇದೆ. ನಮ್ಮ ಹೆಸರು ದಫ್ತರದಲ್ಲಿ ಬಂದರೂ 'ಆಳು', 'ಬಿಟ್ಟಿ', 'ಓಲಿ' ಅಂತ ತಲೆಯೆಣಿಕೆಯಲ್ಲಿ ಬಂದೀತು. ಮುತ್ತಜ್ಜನ ಹೆಸರು ಕೇಳಿದರೆ ನಮ್ಮಲ್ಲಿ ಎಷ್ಟೋ ಜನಕ್ಕೆ ಹೇಳಲು ಬರುವುದಿಲ್ಲ. ಆದರೆ ಅವನು ಬಗ್ಗಿ ಹೋದ ಬಾಗಿಲು ಇದೆ. ಅವನು ಸವೆಸಿದ ಹೊಸ್ತಿಲು ಇದೆ. ಆಯಿ ಕುಟ್ಟಿದ ಒಳ್ಳಿನ ಕುಳಿ ಇದೆ, ಬೀಸಿದ ಕಲ್ಲಿನ ಗೂಟದ ತೂತು ಇದೆ. ನಮ್ಮ ದಫ್ತರ ಅಂದರೆ ಹಿತ್ತಲ ಗೋಡೆ. ಆ ಗೋಡೆ ಬಿದ್ದ ದಿನ 'ನಿಮ್ಮನ್ನು ಯಾರೂ ಬಿಟ್ಟಿ ದುಡಿಸಲಿಲ್ಲ, ಮನೆಮಕ್ಕಳಂತೆ ನೋಡಿಕೊಂಡರು' ಅಂತ ಹೇಳುವವರಿಗೆ ಎದುರುಮಾತು ಹೇಳಲು ನಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮನೆಮಕ್ಕಳಂಗ ನೋಡಿಕೊಂಡ್ರಂತ! ಮನೆಮಕ್ಕಳು ಮಲಗೋ ಕೋಣ್ಯಾಗ ಮಲಗಿಸಿದ್ರೇನು? ನಕ್ಷೆ ನೋಡ್ರಿ. ನಕ್ಷೆ ಸುಳ್ಳು ಹೇಳೂದಿಲ್ಲ.

ಮತ್ತೆ ಆ ಗೋಡೆ ಬೀಳತಾನೂ ಐತಿ. ಮುಂದಿನ ಗೋಡೆಗೆ ಕೆತ್ತಿದ ಕಲ್ಲು. ಸುಣ್ಣ ಸುಟ್ಟು, ಗಾಣದಲ್ಲಿ ಅರೆದು, ಬೆಲ್ಲದ ನೀರು ಅಳಲೆಕಾಯಿ ನೀರು ಕುಡಿಸಿದ ಗಚ್ಚು. ಹಿಂದಿನ ಗೋಡೆಗೆ ಕಾಡುಗಲ್ಲು, ಮಣ್ಣು, ಮೇಲೆ ಮುದ್ದಿ. ಎರಡೂ ಕಟ್ಟಿದ ಕೈ ಒಂದೇ, ಕೊಟ್ಟ ಸಾಮಾನು ಬೇರೆ. ಹಾಗಾಗಿ ಮಳೆ ಹತ್ತಿದರೆ ಮೊದಲು ಕುಸಿಯುವುದು ಹಿತ್ತಲು. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಮುಳುಗಿದಾಗ ಈ ಸೀಮೆಯ ಮಣ್ಣಿನ ಗೋಡೆಗಳು ಸಾಲುಹಿಡಿದು ಮಲಗಿದವು, ಗಚ್ಚಿನವು ನಿಂತವು. ನಿಂತದ್ದನ್ನೇ ಇತಿಹಾಸ ಅನ್ನುವುದಾದರೆ ಇತಿಹಾಸ ಬರೆಯುವವರಿಗೆ ಮಳೆಯೂ ಕೈಗೂಡಿಸುತ್ತದೆ.

ಕಾಯ್ದೆಯ ಕಡೆಗೂ ಒಮ್ಮೆ ನೋಡೋಣ. ಬೆಳಗಾವಿ ಜಿಲ್ಲೆ 1956ರ ತನಕ ಮುಂಬಯಿ ಕೈಕೆಳಗೆ ಇತ್ತು. 1874ರ ಮುಂಬಯಿ ವತನ ಕಾಯ್ದೆ ದೇಸಾಯಿಯ ಅಧಿಕಾರವನ್ನೂ ಕೇರಿಯವನ ಚಾಕರಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಿತು: ತಲೆಮಾರಿನಿಂದ ತಲೆಮಾರಿಗೆ ಅವನು ಧಣಿ, ನೀನು ಆಳು. 1925ರಲ್ಲಿ ನಿಪ್ಪಾಣಿಗೆ ಬಂದಿದ್ದ ಬಾಬಾಸಾಹೇಬರು ಮೂರು ವರ್ಷದ ಮೇಲೆ, 1928ರಲ್ಲಿ, ಮುಂಬಯಿ ಶಾಸನಸಭೆಯಲ್ಲಿ ಮಹಾರರ ವತನದ ಸಲುವಾಗಿ ಈ ಕಾಯ್ದೆಗೆ ತಿದ್ದುಪಡಿ ತಂದರು. ಅದು ಪಾಸಾಗಲಿಲ್ಲ. ಕಡೆಗೆ ದೇಸಾಯಿ, ಕುಲಕರ್ಣಿ ವತನಗಳು 1950ರ ಕಾಯ್ದೆಯಲ್ಲಿ ರದ್ದಾದವು, ಪರಿಹಾರದ ಲೆಕ್ಕ ಸಮೇತ. ನಮ್ಮ ಸೀಮೆಯ ಕೆಳಗಿನ ಚಾಕರಿಯವರ ಹಗ್ಗ ಬಿಚ್ಚಿದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. ಜಾರಿಗೆ ಬಂದದ್ದು 1963ರಲ್ಲಿ. ಧಣಿಗೆ ಮೊದಲು ಬಿಡುಗಡೆ, ಆಳಿಗೆ ಹದಿಮೂರು ವರ್ಷ ತಡ! ಅದೇ 1961ರ ಹೆಸರಿನಲ್ಲಿ ನಮ್ಮ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯ್ದೆಯೂ ಇದೆ. ಒಂದು ಕಾಯ್ದೆ ಕಲ್ಲು ಕಾಪಾಡಲಿಕ್ಕೆ, ಒಂದು ಮನುಷ್ಯನನ್ನು ಬಿಡಿಸಲಿಕ್ಕೆ. ಎರಡೂ ಕೂಡಿ ಹಿತ್ತಲಿನ ಕಲ್ಲಿನ ಹತ್ತಿರ ಇವತ್ತಿನವರೆಗೆ ಬಂದಿಲ್ಲ.

ದೇಸಾಯರೆಲ್ಲ ಕೆಟ್ಟವರು ಅಂತ ನಾವು ಹೇಳುತ್ತಿಲ್ಲ, ಆ ಚರ್ಚೆಯೇ ನಮಗೆ ಬೇಡ. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಂಡಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಮಕ್ಕಳ ಓದಿಗೆ ಬಿಟ್ಟುಹೋದರು. ದೊಡ್ಡ ಮನಸ್ಸು. ಬೆಳಗಾವಿಯಲ್ಲಿ 1933ರಿಂದ ಅವರ ಹೆಸರಿನ ಕಾಲೇಜು ಇದೆ. ವಂಟಮೂರಿಯ ರಾಜಾ ಲಖಮಗೌಡರ ಹೆಸರಿನಲ್ಲಿಯೂ ಬೆಳಗಾವಿಯಲ್ಲಿ ಕಾಲೇಜಿದೆ. ನಮ್ಮ ಹೊಲಕ್ಕೆ ನೀರು ಬಿಡುವ ಹಿಡಕಲ್ ಜಲಾಶಯಕ್ಕೂ ಅವರದೇ ಹೆಸರು. ನೀರು ಕುಡಿಯುವಾಗ ನೆನೆಯುತ್ತೇವೆ. ಆದರೆ ದಾನ ಕೊಟ್ಟ ಆಸ್ತಿ ಆಕಾಶದಿಂದ ಉದುರಿತೇನು? ಉತ್ತವರು, ಬಿತ್ತವರು, ಕಣದಲ್ಲಿ ರಾಶಿ ಮಾಡಿ ಹಗೇವಿಗೆ ತುಂಬಿದವರು ಯಾರು? ದಾನಿಯ ಹೆಸರು ಅಣೆಕಟ್ಟಿನ ಮೇಲೆ ಇರುವಾಗ, ದುಡಿದವನ ಹೆಸರು ಹಗೇವಿನ ಬಾಯಿಯ ಮೇಲಾದರೂ ಇರಬಾರದೇ?

ಕಿತ್ತೂರಿಗೆ ಹೋಗಿರಿ. ಹಾಳು ಅರಮನೆಯಲ್ಲಿ ಗೋಡೆಯೊಳಗಿನ ಕಿಂಡಿಯಿಂದ ಧ್ರುವ ನಕ್ಷತ್ರ ಕಾಣುತ್ತದೆ ಅಂತ ತೋರಿಸುತ್ತಾರೆ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಾರೆ. ನಕ್ಷತ್ರ ನೋಡಲಿ, ಬೇಡ ಅನ್ನುವುದಿಲ್ಲ. ಅಡಿಗೆ ಮನೆಯ ಒಲೆಗೆ ಕಟ್ಟಿಗೆ ಎಲ್ಲಿಂದ ಬಂತು, ಯಾವ ಬಾಗಿಲಿನಿಂದ ಬಂತು ಅಂತಲೂ ತೋರಿಸಬೇಕಲ್ಲ? 1824ರಲ್ಲಿ ಥ್ಯಾಕರೆ ಸತ್ತದ್ದು ಈ ಕೋಟೆಯ ಮುಂದೆ. ಆಮೇಲೂ ಕಾದಾಡಿ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ ಸಂಗೊಳ್ಳಿ ರಾಯಣ್ಣ ಸೇತಸನದಿಯವನು, ಊರ ಚಾಕರಿಯವನು. ರಾಣಿಯ ಪಲ್ಲಕ್ಕಿಯ ಇತಿಹಾಸ ಎಲ್ಲರಿಗೂ ಬಾಯಿಪಾಠ. ಪಲ್ಲಕ್ಕಿ ಇಳಿಸಿದ ಮೇಲೆ ಹೊತ್ತವರು ಎಲ್ಲಿ ಕೂತರು? ಈಚೆಗೆ ಕಿತ್ತೂರು ಅರಮನೆಯ ಪ್ರತಿರೂಪವನ್ನೇ ಹೊಸದಾಗಿ ಕಟ್ಟುವ ಮಾತನ್ನು ಸರಕಾರದವರು ಆಡಿದ್ದಾರೆ. ಕಟ್ಟಿರಿ ಸ್ವಾಮಿ. ಆದರೆ ಹೊಸ ಅರಮನೆಗೆ ಹೊಸ ಹಿತ್ತಲೂ ಕಟ್ಟುತ್ತೀರೋ ಇಲ್ಲವೋ? ಲಾಯದವನ ಕತ್ತಲ ಕೋಣೆ, ಮಲದ ಕಿಂಡಿ, ನಕ್ಷೆಯಲ್ಲಿ ಹಾಕಿದ್ದೀರೋ? ಹಾಕದಿದ್ದರೆ ಅದು ಪ್ರತಿರೂಪ ಅಲ್ಲ, ನಾಟಕದ ಪರದೆ.

ಬೇರೆ ದೇಶದಲ್ಲಿ ಏನು ಮಾಡಿದ್ದಾರೆ ಅಂತ ಕೇಳುವವರು ಇದ್ದಾರೆ. ಇಂಗ್ಲಿಷರ ಕಡೆಯದು ಅಂದರೆ ನಮ್ಮ ಪಂಡಿತರಿಗೆ ಬೇಗ ಹಿಡಿಸುತ್ತದೆ, ಅದಕ್ಕೇ ಹೇಳುತ್ತೇವೆ. ವೇಲ್ಸ್ ಸೀಮೆಯ ರೆಕ್ಸಮ್ ಊರಿನ ಹತ್ತಿರ ಎರ್ಡಿಗ್ ಎಂಬ ಜಮೀನದಾರಿ ಬಂಗಲೆ ಇದೆ. ಯಾರ್ಕ್ ಮನೆತನದ ಕೊನೆಯವನು 1973ರಲ್ಲಿ ಅದನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದ. 1977ರಲ್ಲಿ ಜನರಿಗೆ ತೆರೆದರು. ಅಲ್ಲಿ ನೋಡಲು ಬಂದವರನ್ನು ಮುಂಬಾಗಿಲಿನಿಂದ ಒಳಗೆ ಬಿಡಲಿಲ್ಲ. ಬಡಿಗನ ಕೆಲಸದ ಮನೆ, ಕಟ್ಟಿಗೆ ಕೊಯ್ಯುವ ಗುಂಡಿ, ಕಮ್ಮಾರಸಾಲೆ, ಲಾಯ, ಅರಿವೆ ಒಗೆಯುವ ಮನೆ, ಅಡಿಗೆ ಮನೆ, ಇವನ್ನು ದಾಟಿಯೇ ಧಣಿಯ ಕೋಣೆಗೆ ಹೋಗಬೇಕು. ಆಳುಗಳ ಚಿತ್ರಗಳೂ ಗೋಡೆಯ ಮೇಲಿವೆ, ಚಿತ್ರಗಳಿಗೆ ಪದ್ಯಗಳೂ ಇವೆ. ಬಹಳ ಒಳ್ಳೆಯದು. ಆದರೆ ಹಲ್ಲು ಕಚ್ಚಿ ಒಂದು ಮಾತು ಹೇಳಬೇಕು: ಆ ಪದ್ಯ ಬರೆದವರು ಆಳುಗಳಲ್ಲ, ಧಣಿಗಳು. ಧಣಿ ಪ್ರೀತಿಯಿಂದ ಬರೆದರೂ ಅದು ಧಣಿಯ ಪದ್ಯ. ಅದಕ್ಕಿಂತ ಮುಂದೆ ಹೋದದ್ದು ಅಮೆರಿಕದ ಲೂಯಿಸಿಯಾನಾದ ವಿಟ್ನಿ ತೋಟ. 2014ರಲ್ಲಿ ತೆರೆದ ಆ ಜಾಗದಲ್ಲಿ ಬಂಗಲೆ ಮುಖ್ಯವಲ್ಲ. ಗುಲಾಮರ ಗುಡಿಸಲುಗಳು, ಗೋಡೆಯ ಮೇಲೆ ಕೊರೆದ ಗುಲಾಮರ ಹೆಸರುಗಳು, ಅವರೇ ಹೇಳಿದ ಮಾತುಗಳು ಮುಖ್ಯ. ಕಬ್ಬಿನ ಹೊಲ ಅದು. ಗೋಕಾಕ-ಮೂಡಲಗಿಯ ಕಬ್ಬು ಕಡಿಯುವವರಿಗೆ ಇದನ್ನು ಬಿಡಿಸಿ ಹೇಳುವುದು ಬೇಕಾಗಿಲ್ಲ.

ನಮ್ಮಲ್ಲಿ ಏನು ನಡೆದಿದೆ? ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಸಾಹೇಬರ ಬಂಗಲೆ ಪ್ರವಾಸಿಗರ ತಂಗುದಾಣವಾಗಿದೆ. ಲೈನ್ ಮನೆಗಳ ಕಡೆ ಹೋಗುವ ದಾರಿಯನ್ನು ಯಾರೂ ತೋರಿಸುವುದಿಲ್ಲ. ವಾಡೆಗಳಿಗೂ ಈ ಗಾಳಿ ಬೀಸುತ್ತದೆ. ಲಾಯಕ್ಕೆ ಬಣ್ಣ ಬಳಿದು, ಗ್ವಾದಲಿಯಲ್ಲಿ ಹೂವಿನ ಕುಂಡ ಇಟ್ಟು, ಆಳಿನ ಕೋಣೆಯನ್ನು ಒಡೆದು ಮೋಟಾರು ನಿಲ್ಲಿಸುವ ಜಾಗ ಮಾಡಿ, ಜೋಳದ ರೊಟ್ಟಿ ಬದನೆಕಾಯಿ ಪಲ್ಲೆಯ ತಾಟು ಮುಂದಿಟ್ಟು 'ಹಳ್ಳಿಯ ಅನುಭವ' ಅಂತ ಮಾರುತ್ತಾರೆ. ನಮ್ಮ ಹಸಿವಿನ ರೊಟ್ಟಿಗೂ ರೇಟು ಬಂತು, ನಮಗೆ ಬರಲಿಲ್ಲ.

ನಮ್ಮೊಳಗೇ ಕೆಲವು ಗೆಳೆಯರು ಸಿಟ್ಟಿನಿಂದ ಕೇಳುತ್ತಾರೆ: 'ಆ ಗುಲಾಮಗಿರಿಯ ಗೋಡೆ ಯಾಕ ಉಳಿಸಬೇಕೋ? ಜೆಸಿಬಿ ಹಚ್ಚಿ ಕೆಡವಿ ಒಗೀರಿ.' ಈ ಸಿಟ್ಟು ನಮ್ಮದೂ ಹೌದು. 1887ರಲ್ಲಿ ಗೋಕಾಕ ಫಾಲ್ಸಿನ ಗಿರಣಿ ಸುರುವಾದ ಮೇಲೆ ನಮ್ಮ ಹಿರಿಯರಲ್ಲಿ ವಾಡೆಯ ಚಾಕರಿ ಬಿಟ್ಟು ಗಿರಣಿಯ ಭೋಂಗಾ ಕೇಳಿ ಓಡಿಹೋದವರು ತಿರುಗಿ ಆ ಗೋಡೆಯ ಮುಖ ನೋಡಲಿಲ್ಲ. ಅವರು ಮಾಡಿದ್ದು ಸರಿ. ಆದರೆ ಕೆಡವಿದರೆ ಏನಾಗುತ್ತದೆ ನೋಡಿರಿ. ಜೆಸಿಬಿ ಮೊದಲು ಹಚ್ಚುವುದು ಮುಂದಿನ ಪಡಸಾಲಿಗಲ್ಲ. ಅಲ್ಲಿ ಗಿಳಿ ಇದೆ, ಕಮಲ ಇದೆ, ಅದನ್ನು ಉಳಿಸಲು ಸಂಘ ಇದೆ. ಹಚ್ಚುವುದು ನಮ್ಮ ಕೋಣೆಗೇ. ಗುಲಾಮಗಿರಿ ಮಾಡಿಸಿದವನ ಮನೆ ಉಳೀತದ, ಗುಲಾಮಗಿರಿಯ ಸಾಕ್ಷಿ ಹೋಗತದ. ಕೋರ್ಟಿನಲ್ಲಿ ಸಾಕ್ಷಿಯನ್ನು ಸುಡುವವನು ಫಿರ್ಯಾದುದಾರ ಅಲ್ಲ, ಆರೋಪಿ.

ಅದಕ್ಕೆ ನಾವು ಕೇಳುವುದು ಇಷ್ಟು. ವಾಡೆಯೊಂದನ್ನು ಸ್ಮಾರಕ ಅಂತ ಪಟ್ಟಿಗೆ ಹಾಕುವುದಿದ್ದರೆ ಅಗಸಿಯಿಂದ ತಿಪ್ಪಿಯ ತನಕ ಪೂರ್ತಿ ಹಾಕಿರಿ. ದುರಸ್ತಿಯ ದುಡ್ಡು ಬಂದರೆ ಮೊದಲು ಹಿತ್ತಲಿನ ಮಣ್ಣಿನ ಗೋಡೆಗೆ ಹಚ್ಚಿರಿ, ಬೀಳುವುದು ಅದು. ಬೋರ್ಡು ಬರೆದರೆ 'ಸೇವಕರ ಕೋಣೆ' ಅಂತ ನಯ ಮಾಡಬೇಡಿರಿ. ಯಾವ ಜಾತಿಯವರು ಯಾವ ಕೆಲಸಕ್ಕೆ ಯಾವ ಬಾಗಿಲಿನಿಂದ ಬರಬೇಕಿತ್ತು ಅಂತ ಬರೆಯಿರಿ. ಹೊಲೆಯ ಅಂತ ಬರೆಯಲು ನಾಚಿಕೆಯೇ? ಕರೆಯಲು ಇರಲಿಲ್ಲ. ಮತ್ತೆ ಬೋರ್ಡಿನ ಮಾತನ್ನು ಕೇರಿಯವರಿಗೆ ಓದಿಸಿ, ಅವರು ಹೌದು ಅಂದ ಮೇಲೆ ಕೊರೆಯಿರಿ.

ಹಳ್ಳಿಯ ಶಾಲೆಯ ಮಾಸ್ತರರು ಈ ಪತ್ರಿಕೆ ಓದುತ್ತೀರಿ, ಅದಕ್ಕೆ ಒಂದು ಕೆಲಸ ಹೇಳುತ್ತೇವೆ. ಈ ಸಲ ಮಕ್ಕಳನ್ನು ಯಾವುದಾದರೂ ವಾಡೆಗೆ ಕರೆದುಕೊಂಡು ಹೋದರೆ ಹಿಂದಿನಿಂದ ಒಳಗೆ ಹೋಗಿರಿ. ಲಾಯದ ಬಾಗಿಲಿನ ಎತ್ತರ ಅಳೆಯಿಸಿರಿ, ಆಳಿನ ಕೋಣೆಯ ಬಾಗಿಲಿನ ಎತ್ತರ ಅಳೆಯಿಸಿರಿ, ಎರಡನ್ನೂ ಹಲಗೆಯ ಮೇಲೆ ಬಾಜೂಬಾಜೂ ಬರೆಸಿರಿ. ಬೆಳಕಿಂಡಿ ಎಲ್ಲಿದೆ ಎಲ್ಲಿಲ್ಲ ಗುರುತು ಹಾಕಿಸಿರಿ. ಊರಲ್ಲಿ ಎಂಬತ್ತು ದಾಟಿದ ಅಜ್ಜ, ಆಯಿ ಇದ್ದರೆ ಮಕ್ಕಳನ್ನು ಕಳಿಸಿ ಕೇಳಿಸಿರಿ: ಯಾವ ಬಾಗಿಲಿನಿಂದ ಹೋಗ್ತಿದ್ದಿರಿ, ಕಾಲ್ಮರಿ ಎಲ್ಲಿ ಬಿಡ್ತಿದ್ದಿರಿ, ನೀರು ಕೇಳಿದ್ರ ಎಷ್ಟು ಎತ್ತರದಿಂದ ಸುರೀತಿದ್ರು, ಸುಗ್ಗಿಯಾಗ ಎಷ್ಟು ಕಾಳು ಅಳದು ಕೊಡ್ತಿದ್ರು. ಅವರ ಹೆಸರು, ಅವರ ಅಪ್ಪನ ಹೆಸರು, ಅಜ್ಜನ ಹೆಸರು ಬರೆದುಕೊಳ್ಳಿರಿ. ಟೇಪು ಇಲ್ಲದಿದ್ದರೆ ಗೇಣಿನಿಂದ ಅಳೆಯಲಿ. ಅಳತೆ, ಹೆಸರು ಎರಡನ್ನೂ ಕಾರ್ಡಿನ ಮೇಲೆ ಬರೆದು ಪತ್ರಿಕೆಗೆ ಕಳಿಸಿರಿ. ಬಂದಷ್ಟನ್ನೂ ಊರಿನ ಹೆಸರು ಸಮೇತ ಅಚ್ಚು ಹಾಕುತ್ತೇವೆ.